ಕಿರುತೆರೆಯ ವೀಣೆ, ಅಟ್ಟದ ವೀಣೆ

(ಹಾಸನದಲ್ಲಿ ಸಂಗೀತಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರಿಗೆ, ಸಂಗೀತದ ವಿದ್ಯಾರ್ಥಿಗಳಿಗೆ, ಮಳೆಯನ್ನು ಲೆಕ್ಕಿಸದೆ ಬಂದಿರುವ ಎಲ್ಲರಿಗೂ ನಮಸ್ಕಾರ. ಹಳೆಯ ಕಾಲವನ್ನು ಚಿತ್ರಿಸುವ ಕಿರುತೆರೆಯ ಧಾರಾವಾಹಿಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ನಾನು ವೀಣೆಗೆ ಮರಳಿದ ಸಂಗತಿಯನ್ನೂ ಅದರ ಜೊತೆಗೆ ಹೇಳಿಕೊಳ್ಳಲು ಅವಕಾಶವಿದ್ದರೆ ಬರುತ್ತೇನೆ ಎಂದಿದ್ದೆ. ಅದು ವಿಷಯಾಂತರವಾದೀತೆಂಬ ಅವರ ಅನುಮಾನ ಸಹಜವೇ. ಆದರೆ ನಿವೃತ್ತಿಯ ನಂತರ ನಾನು ಈ ಧಾರಾವಾಹಿಗಳನ್ನು ಬಿಡದೆ ನೋಡತೊಡಗಿದ್ದು, ಮದುವೆಯೊಂದಿಗೆ ನಿಂತುಹೋಗಿದ್ದ ವೀಣೆಯ ಅಭ್ಯಾಸವನ್ನು ಮತ್ತೆ ಕೈಗೆತ್ತಿಕೊಂಡದ್ದು ಒಂದೇ ಅವಧಿಯಲ್ಲಿ; ಹಾಗಾಗಿ ನೋಡುವ ಕಣ್ಣೇ ಬದಲಾಯಿತು. ಈಗ ತೆರೆಯ ಮೇಲೆ ದೊಡ್ಡ ಮನೆಯೊಂದು ಕಾಣಿಸಿ, ಅದರ ನಡುಮನೆಯಲ್ಲಿ ಒಬ್ಬಾಕೆ ವಾದ್ಯದ ಮುಂದೆ ಕುಳಿತಳೆಂದರೆ, ರಾಗ ಯಾವುದೆಂದು ಯೋಚಿಸುವ ಮೊದಲೇ ನನಗೆ ಬರುವ ಪ್ರಶ್ನೆ ಬೇರೆ: ಇವಳು ಹೀಗೆ ಕುಳಿತಿರುವ ಹೊತ್ತಿನಲ್ಲಿ ಆ ಮನೆಯ ಒಲೆಯ ಮುಂದೆ ಯಾರಿದ್ದಾರೆ?

ಮೊದಲು ಕೈಯ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ವೀಣೆ ಕಲಿತವರೆಲ್ಲರ ದೂರು ಅದೇ. ನಮ್ಮ ಪೌರಾಣಿಕ, ಐತಿಹಾಸಿಕ ಧಾರಾವಾಹಿಗಳಲ್ಲಿ ದೀಪದ ಕಂಬ, ಸೀರೆಯ ಅಂಚು, ಮೂಗುತಿಯ ಆಕಾರ ಇವಕ್ಕೆಲ್ಲ ಸಾಕಷ್ಟು ಶ್ರಮ ಪಡುತ್ತಾರೆ. ರಾಣಿಯ ಕೈಗೆ ವೀಣೆ ಕೊಟ್ಟ ಕ್ಷಣದಿಂದ ಆ ಶ್ರಮ ನಿಂತುಹೋಗುತ್ತದೆ. ಸ್ವರ ತಾರಸ್ಥಾಯಿಗೆ ಏರುತ್ತಿದ್ದರೂ ಎಡಗೈ ಬಿರಡೆಗಳ ಹತ್ತಿರವೇ ವಿಶ್ರಮಿಸುತ್ತಿರುತ್ತದೆ. ಬಲಗೈಯ ಬೆರಳುಗಳು ತಂತಿಯನ್ನು ಮೀಟುವ ಬದಲು ಸವರುತ್ತಿರುತ್ತವೆ, ಕಿರುಬೆರಳಂತೂ ತಾಳದ ತಂತಿಯತ್ತ ಸುಳಿಯುವುದೇ ಇಲ್ಲ. ನಿಜವಾಗಿ ನುಡಿಸುವವರ ಎಡಗೈಯ ತೋರುಬೆರಳು ಮತ್ತು ನಡುಬೆರಳುಗಳ ತುದಿಯಲ್ಲಿ ತಂತಿ ಕೊರೆದ ಗೆರೆ ಇರುತ್ತದೆ, ಅದರ ಸುತ್ತ ಚರ್ಮ ಕಪ್ಪಾಗಿ ಗಡುಸಾಗಿರುತ್ತದೆ. ತಂತಿಯ ಮೇಲೆ ಬೆರಳು ಜಾರಲೆಂದು ಸವರಿಕೊಂಡ ಕೊಬ್ಬರಿ ಎಣ್ಣೆಯ ಹೊಳಪೂ ಅಲ್ಲಿ ಉಳಿದಿರುತ್ತದೆ. ರಾಣಿಯ ಬೆರಳ ತುದಿ ನುಣುಪಾಗಿ ಕಂಡಾಗ ನನಗೆ ಸಿಟ್ಟು ಬರುವುದು ನಟಿಯ ಮೇಲಲ್ಲ. ಆ ಗೆರೆ ಮೂಡಲು ಬೇಕಾದ ವರ್ಷಗಳನ್ನೇ ಕಥೆ ನುಂಗಿಹಾಕಿದೆಯಲ್ಲ ಎಂಬುದು ನನ್ನ ತಕರಾರು. ವಾದನವನ್ನು ತೋರಿಸುತ್ತಾರೆ, ಅಭ್ಯಾಸವನ್ನು ತೋರಿಸುವುದಿಲ್ಲ.

ವಾದ್ಯ ಆ ಕಾಲದ್ದು ಹೌದೋ ಅಲ್ಲವೋ ಎಂಬ ಚರ್ಚೆಯಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ, ಆದರೂ ಈ ಜಿಲ್ಲೆಯಲ್ಲಿ ನಿಂತು ಅದನ್ನು ಬಿಟ್ಟು ಹೋಗುವಂತಿಲ್ಲ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಇಂದು ನಾವು ತೊಡೆಯ ಮೇಲಿಟ್ಟು ನುಡಿಸುವ, ಇಪ್ಪತ್ತನಾಲ್ಕು ಮೆಟ್ಟುಗಳನ್ನು ಮೇಣದಲ್ಲಿ ಕೂರಿಸಿದ ವೀಣೆ ರೂಪುಗೊಂಡದ್ದು ಹದಿನೇಳನೆಯ ಶತಮಾನದಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಎಂದು ಸಂಗೀತದ ಚರಿತ್ರೆ ಹೇಳುತ್ತದೆ. ಅಂದರೆ ನಮ್ಮ ನೃತ್ಯರೂಪಕಗಳಲ್ಲಿ ಶಾಂತಲೆಯ ತೊಡೆಯೇರುವ ಮೈಸೂರು ವೀಣೆ ಅವಳ ಕಾಲಕ್ಕಿಂತ ಐನೂರು ವರ್ಷ ಈಚಿನದು. ಹಳೆಯ ಶಿಲ್ಪಗಳಲ್ಲಿ ಕಾಣುವುದು ಕೋಲಿನಂಥ ದಂಡಿಗೆ ಸೋರೆಬುರುಡೆ ಕಟ್ಟಿದ ವಾದ್ಯ. ಪಿಟೀಲಂತೂ ದಕ್ಷಿಣದ ಸಂಗೀತಕ್ಕೆ ಬಂದು ಇನ್ನೂರು ಚಿಲ್ಲರೆ ವರ್ಷವಾಯಿತಷ್ಟೆ. ಇದನ್ನೆಲ್ಲ ತಿಳಿದೂ ಶಾಂತಲೆಯ ಕೈಗೆ ಇಂದಿನ ವೀಣೆ ಕೊಟ್ಟರೆ ನನ್ನ ಅಭ್ಯಂತರವಿಲ್ಲ. ಆ ಕೈಗೆ ನುಡಿಸಲು ಕಲಿಸಿ ಕೊಡಲಿ ಎಂಬುದಷ್ಟೇ ಕೋರಿಕೆ.

ಹಳೆಯ ನಾದವನ್ನು ಹಾಗೆಯೇ ಮರಳಿ ತರುವುದು ಹೇಗೂ ಸಾಧ್ಯವಿಲ್ಲ. ಭಾರತದಲ್ಲಿ ಗ್ರಾಮಾಫೋನ್ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಆಗ ಹಾಡಿದ ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಮೈಸೂರಿನಲ್ಲಿ, ನಾಲ್ವಡಿಯವರ ಆಶ್ರಯದಲ್ಲಿ ಕಳೆದು 1930ರಲ್ಲಿ ತೀರಿಕೊಂಡರು. ಅದಕ್ಕೂ ಹಿಂದಿನ ದನಿಗಳೆಲ್ಲ ಗಾಳಿಗೆ ಹೋದವು. 1869ರಲ್ಲಿ ತೀರಿಕೊಂಡ ಗಾಲಿಬನ ಜೀವನವನ್ನು 1988ರಲ್ಲಿ ಗುಲ್ಜಾರ್ ಧಾರಾವಾಹಿಯಾಗಿಸಿದಾಗ, ಗಜಲುಗಳಿಗೆ ಜಗಜಿತ್ ಸಿಂಗ್ ತಮ್ಮ ಕಾಲದ ದನಿಯನ್ನೇ ಕೊಟ್ಟರು. ಅದೇ ವರ್ಷ ಶ್ಯಾಮ್ ಬೆನಗಲ್ ಅವರ ‘ಭಾರತ್ ಏಕ್ ಖೋಜ್’ ಆರಂಭವಾದಾಗ, ಋಗ್ವೇದದ ನಾಸದೀಯ ಸೂಕ್ತವನ್ನು ವನರಾಜ್ ಭಾಟಿಯಾ ವೇದಘೋಷದ ಅನುಕರಣೆಯಾಗಿ ಅಲ್ಲದೆ ವೃಂದಗಾನವಾಗಿ ಕಟ್ಟಿದರು. ಲಂಡನ್ ಮತ್ತು ಪ್ಯಾರಿಸ್ಸಿನಲ್ಲಿ ಕಲಿತುಬಂದ ಅವರ ವಿದ್ಯೆ ಅದರಲ್ಲಿ ಎದ್ದು ಕೇಳುತ್ತದೆ. ‘ಹಳೆಯದನ್ನೇ ಕೇಳಿಸುತ್ತಿದ್ದೇನೆ’ ಎಂಬ ಸೋಗು ಇಲ್ಲದ ಈ ದಾರಿಯೇ ಹೆಚ್ಚು ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ. ವೀಣೆಗೆ ಮರಳಿದ ಮೇಲೆ ಈ ಅಭಿಪ್ರಾಯ ಇನ್ನೂ ಗಟ್ಟಿಯಾಗಿದೆ. ನನ್ನ ಹದಿಹರೆಯದ ವಾದನವನ್ನು ಯಾರೂ ಮುದ್ರಿಸಿಕೊಂಡಿಲ್ಲ; ಆಗ ನಾನು ಹೇಗೆ ನುಡಿಸುತ್ತಿದ್ದೆನೆಂಬುದಕ್ಕೆ ಸಾಕ್ಷಿ ಹೇಳುವವರೂ ಉಳಿದಿಲ್ಲ. ಹೋದದ್ದನ್ನು ಹುಡುಕಿ ತರುವ ಗೋಜಿಗೆ ಹೋಗದೆ, ಈಗಿನ ಕೈಗೆ ಒಗ್ಗುವುದನ್ನು ನುಡಿಸುತ್ತಿದ್ದೇನೆ.

ಇನ್ನು ಬಿಡುವಿನ ಪ್ರಶ್ನೆಗೆ ಬರುತ್ತೇನೆ. ಇದನ್ನು ನನಗೆ ಸ್ಪಷ್ಟಮಾಡಿಕೊಟ್ಟದ್ದು, ವಿಚಿತ್ರವೆನಿಸಿದರೂ, ಇಂಗ್ಲಿಷರ ಧಾರಾವಾಹಿಗಳು. ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರಿಜುಡೀಸ್’ ಕಾದಂಬರಿಯನ್ನು ಬಿಬಿಸಿಯವರು 1995ರಲ್ಲಿ ಆರು ಕಂತುಗಳಲ್ಲಿ ತೆರೆಗೆ ತಂದರು. ಆ ಕಥೆಯಲ್ಲಿ ಪಿಯಾನೊ ಒಂದು ಪಾತ್ರದಷ್ಟೇ ಮುಖ್ಯ. ಶ್ರೀಮಂತೆಯೊಬ್ಬಳ ಮನೆಯಲ್ಲಿ ಎಲಿಜಬೆತ್ ನುಡಿಸುತ್ತ, ಬೇರೆ ಹೆಂಗಸರ ಬೆರಳುಗಳ ಹಾಗೆ ತನ್ನ ಬೆರಳು ಓಡುವುದಿಲ್ಲ, ಅದಕ್ಕೆ ಕಾರಣ ತಾನು ಅಭ್ಯಾಸದ ಕಷ್ಟ ತೆಗೆದುಕೊಳ್ಳದಿರುವುದೇ ಎಂದು ನಗುತ್ತ ಹೇಳುತ್ತಾಳೆ. ಆ ಮನೆಯೊಡತಿ ಲೇಡಿ ಕ್ಯಾಥರೀನಳದಂತೂ ಇನ್ನೂ ಸ್ವಾರಸ್ಯ: ತಾನು ಕಲಿತಿದ್ದರೆ ದೊಡ್ಡ ವಿದುಷಿಯೇ ಆಗಿಬಿಡುತ್ತಿದ್ದಳಂತೆ! ಈ ಮಾತನ್ನು ಇಂಗ್ಲೆಂಡಿನ ತನಕ ಹೋಗಿ ಕೇಳಬೇಕಾಗಿಲ್ಲ. ನಮ್ಮ ಮದುವೆಮನೆಗಳಲ್ಲಿ ಕಛೇರಿ ನಡೆಯುವಾಗ ಹಿಂದಿನ ಸಾಲಿನಲ್ಲಿ ಕುಳಿತರೆ ಸಾಕು. ಆಸ್ಟೆನ್ ಸ್ವತಃ ಬೆಳಗಿನ ಉಪಾಹಾರಕ್ಕೆ ಮೊದಲೇ ಎದ್ದು ಪಿಯಾನೊ ಅಭ್ಯಾಸ ಮಾಡುತ್ತಿದ್ದರೆಂದು ಅವರ ಸೋದರಸೊಸೆ ನೆನಪಿಸಿಕೊಂಡಿದ್ದಾರೆ. ಮನೆಮಂದಿ ಏಳುವ ಮೊದಲಿನ ಆ ಹೊತ್ತಿನ ಬೆಲೆ ಏನೆಂದು ಇಲ್ಲಿರುವ ಹೆಂಗಸರಿಗೆ ನಾನು ವಿವರಿಸಬೇಕಾಗಿಲ್ಲ.

ಅಲ್ಲಿ ಸಂಗೀತವೆಂಬುದು ಹೆಣ್ಣಿನ ಮದುವೆಗೆ ಬೇಕಾದ ಅರ್ಹತೆಗಳಲ್ಲಿ ಒಂದು. ನಮ್ಮಲ್ಲಿಯೂ ಹಾಗೆಯೇ ಇತ್ತು. ಹುಡುಗಿ ನೋಡಲು ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು ಕೊಟ್ಟಾದ ಮೇಲೆ ‘ಒಂದು ಹಾಡು ಹೇಳಮ್ಮ’ ಎನ್ನುತ್ತಿದ್ದರು. ವೀಣೆ ಇದ್ದ ಮನೆಯಾದರೆ ಅದನ್ನು ಮೊದಲೇ ಹೊರಗೆ ತಂದು ಜಮಖಾನದ ಮೇಲೆ ಇಟ್ಟಿರುತ್ತಿದ್ದರು. ನಾನೂ ಹಾಗೆ ನುಡಿಸಿದವಳೇ. ಒಪ್ಪಿಗೆಯಾಯಿತು, ಮದುವೆಯಾಯಿತು, ವೀಣೆ ನನ್ನೊಂದಿಗೆ ಲಾರಿಯಲ್ಲಿ ಸಕಲೇಶಪುರದ ಕಡೆಯ ಮನೆಗೂ ಬಂತು. ಅಲ್ಲಿ ಯಾರೂ ನುಡಿಸಬೇಡವೆಂದು ಹೇಳಲಿಲ್ಲ. ನಮ್ಮ ಅತ್ತೆಯವರು ಸಂಗೀತವನ್ನು ತುಂಬ ಗೌರವಿಸುತ್ತಿದ್ದರು, ನವರಾತ್ರಿಯಲ್ಲಿ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಿದ್ದರು. ಆದರೆ ಆ ದೊಡ್ಡ ಮನೆಯ ದಿನಚರಿಯಲ್ಲಿ ಹೆಣ್ಣು ಕುಳಿತುಕೊಳ್ಳುವ ಗಂಟೆ ಎಂಬುದೇ ಇರಲಿಲ್ಲ. ಕೂತರೆ ಅವರೆಕಾಯಿ ಬಿಡಿಸಲು, ಹೂ ಕಟ್ಟಲು ಕೂರಬೇಕು. ಮಗು ತೆವಳಿ ಬಂದು ತಂತಿಗೆ ಕೈಹಾಕತೊಡಗಿದ ಮೇಲೆ ವೀಣೆ ಅಟ್ಟಕ್ಕೆ ಹೋಯಿತು. ಆಮೇಲೆ ನನಗೆ ನೌಕರಿಯೂ ಸಿಕ್ಕಿತು, ಹಾಸನಕ್ಕೂ ಬಂದೆವು, ಅಟ್ಟ ಮಾತ್ರ ಬದಲಾಯಿತು.

‘ಡೌನ್‌ಟನ್ ಆ್ಯಬಿ’ ಎಂಬ ಧಾರಾವಾಹಿ ನಿಮ್ಮಲ್ಲಿ ಹಲವರು ನೋಡಿರಬಹುದು. 2010ರಿಂದ 2015ರವರೆಗೆ ಪ್ರಸಾರವಾದ ಅದರ ಕಥೆ 1912ರಲ್ಲಿ, ಟೈಟಾನಿಕ್ ಮುಳುಗಿದ ಸುದ್ದಿಯೊಂದಿಗೆ ಆರಂಭವಾಗುತ್ತದೆ. ಮೊದಲ ಕಂತಿನ ಮೊದಲ ದೃಶ್ಯಗಳನ್ನು ಗಮನವಿಟ್ಟು ನೋಡಿ: ಯಜಮಾನರು ಏಳುವ ಮೊದಲು ಆಳುಗಳು ಎದ್ದು ಬೆಂಕಿಗೂಡುಗಳನ್ನು ಹೊತ್ತಿಸುತ್ತಾರೆ, ಕಿಟಕಿಗಳನ್ನು ತೆರೆಯುತ್ತಾರೆ, ದೊರೆಯ ಬೆರಳಿಗೆ ಮಸಿ ಹತ್ತಬಾರದೆಂದು ಪತ್ರಿಕೆಗೆ ಇಸ್ತ್ರಿ ಹಾಕುತ್ತಾರೆ. ಮೇಲಿನ ಮನೆಯ ಬಿಡುವು ಹೇಗೆ ತಯಾರಾಗುತ್ತದೆಂಬುದನ್ನು ಇಷ್ಟು ನೇರವಾಗಿ ತೋರಿಸಿದ ಆರಂಭ ಕಿರುತೆರೆಯಲ್ಲಿ ಅಪರೂಪ. ಕೆಳಗಿನ ಆಳುಗಳ ಕೋಣೆಯಲ್ಲೂ ಒಂದು ಪಿಯಾನೊ ಇದೆ, ವಿಲಿಯಂ ಎಂಬ ಹುಡುಗ ಅದನ್ನು ನುಡಿಸುತ್ತಾನೆ. ಆದರೆ ಗೋಡೆಯ ಮೇಲಿನ ಗಂಟೆಗಳಲ್ಲಿ ಯಾವುದು ಬಾರಿಸಿದರೂ ಏಳಬೇಕಾದವರ ನಡುವೆ ಕೂತು ನುಡಿಸುವ ಸಂಗೀತ ಅದು. ಮುಂದೆ ಆ ಧಾರಾವಾಹಿ ಯಜಮಾನರ ಒಳ್ಳೆಯತನಕ್ಕೆ ತಾನೇ ಮಾರುಹೋಗುತ್ತದೆ, ಅದು ನನಗೆ ಅಷ್ಟು ಹಿಡಿಸಲಿಲ್ಲ.

ಕನ್ನಡದಲ್ಲಿ ಈ ವಿಷಯದಲ್ಲಿ ರಾಜಿಯಿಲ್ಲದ ಕಥೆಯೆಂದರೆ ‘ಗೃಹಭಂಗ’. ನಮ್ಮ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ಬರೆದ, 1970ರಲ್ಲಿ ಬಂದ ಆ ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು ಈಟಿವಿ ಕನ್ನಡಕ್ಕಾಗಿ ಧಾರಾವಾಹಿಯಾಗಿಸಿದರು. ನಂಜಮ್ಮನ ಗಂಡ ಶಾನುಭೋಗ; ಲೆಕ್ಕದ ಪುಸ್ತಕಗಳನ್ನು ಬರೆಯುವವಳು ನಂಜಮ್ಮ. ಅದು ಸಾಲದೆಂದು ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ನೋಡಿಕೊಳ್ಳುತ್ತಾಳೆ, ಪ್ಲೇಗಿನಲ್ಲಿ ಬೆಳೆದ ಮಕ್ಕಳನ್ನು ಕಳೆದುಕೊಳ್ಳುತ್ತಾಳೆ. ಅವಳ ಬದುಕಿನಲ್ಲಿ ವೀಣೆಗೆ ಎಲ್ಲಿ ಜಾಗ? ಹಳೆಯ ಕಾಲವೆಂದರೆ ತೊಟ್ಟಿಮನೆ, ತೂಗುಮಂಚ, ಮಲ್ಲಿಗೆ ದಂಡೆ ಎಂದು ನಂಬಿಸುವ ಧಾರಾವಾಹಿಗಳ ನಡುವೆ, ಕೈಗೆ ಪುರುಸೊತ್ತಿಲ್ಲದ ಒಬ್ಬ ಹೆಂಗಸನ್ನು ನಡುವೆ ನಿಲ್ಲಿಸಿದ್ದಕ್ಕಾಗಿಯೇ ಅದನ್ನು ನಾನು ಅತ್ಯುತ್ತಮವಾದವುಗಳ ಸಾಲಿಗೆ ಸೇರಿಸುತ್ತೇನೆ. ತೊಟ್ಟಿಮನೆಯ ತೊಟ್ಟಿಯನ್ನು ದಿನಾ ಸಾರಿಸಿದವರು ಯಾರೆಂದು ಕೇಳದವರಿಗೆ ಅದು ಬೇಸರ ತರಿಸಬಹುದು.

ಈ ಧಾರಾವಾಹಿಗಳೆಲ್ಲ ನಮ್ಮ ಮನೆಗಳಿಗೆ ಬಂದ ದಾರಿಯಲ್ಲಿ ಹಾಸನಕ್ಕೂ ಒಂದು ಪಾಲಿದೆ. 1983ರಲ್ಲಿ ಹಾರಿಸಿದ ಇನ್ಸಾಟ್-1ಬಿ ಉಪಗ್ರಹ ದೂರದರ್ಶನವನ್ನು ಊರೂರಿಗೆ ತಲುಪಿಸಿತು. ಅದನ್ನು ಕಕ್ಷೆಯಲ್ಲಿ ನಿಭಾಯಿಸುತ್ತಿದ್ದದ್ದು ಇಲ್ಲಿಯ ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರ, ಎಂ.ಸಿ.ಎಫ್. ಮುಂದೆ ರಾಮಾಯಣ, ಮಹಾಭಾರತಗಳ ಭಾನುವಾರದ ಬೆಳಗುಗಳಲ್ಲಿ ಒಂದು ಸಂಗತಿ ನಡೆಯಿತು, ಅದನ್ನು ಯಾರೂ ಅಷ್ಟಾಗಿ ಬರೆದಂತಿಲ್ಲ. ತಿಂಡಿ ಬೇಗ ಮುಗಿಸಿ, ಕೈ ಒರೆಸಿಕೊಂಡು, ನಮ್ಮ ಅತ್ತೆಯವರು ಮೊದಲ ಬಾರಿಗೆ ಗಂಡಸರ ಸಮಕ್ಕೆ ನಡುಮನೆಯಲ್ಲಿ ಕೂತರು, ಕೈಯಲ್ಲಿ ಬಿಡಿಸುವ ಕಾಯಿಯಾಗಲಿ ಕಟ್ಟುವ ಹೂವಾಗಲಿ ಇಲ್ಲದೆ. ಕೆಲಸ ಅದರಿಂದ ಕಡಿಮೆಯಾಗಲಿಲ್ಲ, ಮುಂಜಾನೆಗೆ ಸರಿಯಿತು ಅಷ್ಟೆ. ಹಾಗಿದ್ದರೂ ಒಂದು ಗಂಟೆ ಹೆಣ್ಣಿಗೂ ಬಿಡಬಹುದೆಂದು ಮನೆ ಒಪ್ಪಿತು. ಟಿ.ವಿ. ಸಂಗೀತದ ಹೊತ್ತನ್ನು ತಿಂದಿತು ಎಂದು ಹಲವು ವಿದ್ವಾಂಸರು ವೇದಿಕೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಅವರ ಮನೆಗಳಲ್ಲಿ ತಿನ್ನಲು ಹೊತ್ತು ಇತ್ತೆಂದು ಕಾಣುತ್ತದೆ.

ನಿವೃತ್ತಿಯಾದ ಮೇಲೆ ವೀಣೆಯನ್ನು ಇಳಿಸಿ ನೋಡಿದಾಗ ತಂತಿಗಳು ತುಕ್ಕುಹಿಡಿದಿದ್ದವು, ಮೇಣ ಬಿರುಕುಬಿಟ್ಟು ಕೆಲವು ಮೆಟ್ಟುಗಳು ಕೈಗೇ ಬಂದವು. ಮೇಳ ಕಟ್ಟಿಸಲು ಮೈಸೂರಿಗೆ ಕೊಂಡೊಯ್ದೆವು. ಮೇಳ ಕಟ್ಟುವುದನ್ನು ನೋಡದವರು ಒಮ್ಮೆ ಹೋಗಿ ನೋಡಬೇಕು. ಜೇನುಮೇಣದ ಕಪ್ಪು ಮಿಶ್ರಣವನ್ನು ಮೆದುಮಾಡಿ ದಂಡಿಯ ಎರಡೂ ಅಂಚಿಗೆ ಕಟ್ಟೆ ಕಟ್ಟುತ್ತಾರೆ, ಅದರ ಮೇಲೆ ಕಂಚಿನ ಮೆಟ್ಟನ್ನು ಇಟ್ಟು, ತಂತಿ ಮೀಟಿ, ಕಿವಿಗೊಟ್ಟು, ಕೂದಲೆಳೆಯಷ್ಟು ಆಚೆ ಸರಿಸಿ, ಮತ್ತೆ ಮೀಟುತ್ತಾರೆ. ಅಳತೆಪಟ್ಟಿಯ ಮಾತೇ ಇಲ್ಲ. ಪ್ರತಿ ಸ್ವರದ ಜಾಗವೂ ಆ ಮನುಷ್ಯನ ಕಿವಿಯ ತೀರ್ಮಾನ. ಮುಂದೆ ವರ್ಷಗಟ್ಟಲೆ ನನ್ನ ಗಾಂಧಾರ ಎಲ್ಲಿರಬೇಕೆಂಬುದು ಅವರು ಆ ಮಧ್ಯಾಹ್ನ ತಲೆಬಾಗಿಸಿ ಕೇಳಿಸಿಕೊಂಡದ್ದರ ಮೇಲೆ ನಿಂತಿದೆ.

ಕಲಿತದ್ದೆಲ್ಲ ಕೈಯಲ್ಲಿ ಉಳಿದಿರುತ್ತದೆಂದು ಹೇಳುವುದುಂಟು. ಅರ್ಧ ನಿಜ. ಮೊದಮೊದಲ ಪಾಠಗಳಾದ ಸರಳೆವರಿಸೆ, ಜಂಟಿವರಿಸೆಗಳ ದಾರಿ ಎಡಗೈಗೆ ನೆನಪಿತ್ತು. ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರುವಾಗ ಎಷ್ಟು ಎಳೆಯಬೇಕೆಂಬ ಅಂದಾಜು ಪೂರಾ ಹೋಗಿತ್ತು. ಮೇಳ ಕಟ್ಟಿಸಿ ತಂದ ಸಂಜೆ ನನ್ನ ಬೆರಳು ಮೊದಲು ಹುಡುಕಿದ್ದು ಆ ಪಾಠಗಳ ರಾಗವಾದ ಮಾಯಾಮಾಳವಗೌಳವನ್ನೂ ಅಲ್ಲ, ಯಾವ ಕೃತಿಯನ್ನೂ ಅಲ್ಲ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ಗೆ ಎಲ್. ವೈದ್ಯನಾಥನ್ ಕೊಟ್ಟ ಶೀರ್ಷಿಕೆಯ ರಾಗವನ್ನು. ವೀಣೆ ಅಟ್ಟದಲ್ಲಿದ್ದ ವರ್ಷಗಳಲ್ಲಿ ನನ್ನ ಕಿವಿಗೆ ಬಿಡದೆ ಬಿದ್ದ ಸಂಗೀತ ಅದೇ ತಾನೆ? ಧಾರಾವಾಹಿಗಳು ನನ್ನ ಕಿವಿಯನ್ನು ಒಣಗಲು ಬಿಡಲಿಲ್ಲ ಎಂದು ಕೃತಜ್ಞತೆಯಿಂದಲೇ ಹೇಳುತ್ತೇನೆ.

ಉಗುರಿನ ಕಷ್ಟವನ್ನು ಹೇಳದೆ ಹೋದರೆ ಈ ಉಪನ್ಯಾಸ ಅಪೂರ್ಣ. ನಾನು ಕಲಿತದ್ದು ಉಗುರಿನಿಂದ ಮೀಟುವ ಪದ್ಧತಿ. ಬಲಗೈಯ ತೋರುಬೆರಳು, ನಡುಬೆರಳುಗಳ ಉಗುರು ತಕ್ಕಮಟ್ಟಿಗೆ ಬೆಳೆದಿದ್ದು, ಅಂಚು ನಯವಾಗಿದ್ದರೆ ನಾದ ಬಿಡಿಬಿಡಿಯಾಗಿ ತುಂಬಿ ಬರುತ್ತದೆ. ತೆಂಗಿನಕಾಯಿ ತುರಿದು, ಪಾತ್ರೆ ಉಜ್ಜಿ, ಮುದ್ದೆ ತೊಳಸುವ ಕೈಯಲ್ಲಿ ಅಂಥ ಉಗುರು ನಿಲ್ಲುವುದಿಲ್ಲ. ಮದುವೆಯಾದ ಮೊದಲ ತಿಂಗಳುಗಳಲ್ಲೇ ನನ್ನ ವಾದನದ ಗತಿ ಇಲ್ಲಿಗೇ ಬಂದು ನಿಂತಿತ್ತು. ಈಗ ನನ್ನ ಉಗುರು ಉಳಿದಿದೆ, ಏಕೆಂದರೆ ಪಾತ್ರೆ ತೊಳೆಯಲು ಒಬ್ಬರು ಬರುತ್ತಾರೆ. ನಾನು ನುಡಿಸುವ ಹೊತ್ತು, ಅವರು ಹಿತ್ತಿಲ ನಲ್ಲಿಯ ಹತ್ತಿರ ಕೂರುವ ಹೊತ್ತು ಒಂದೇ. ಒಂದು ದಿನ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು, ‘ದಿನಾ ಎಷ್ಟೊತ್ತು ಬೇಕಮ್ಮ ಇದ್ಕೆ?’ ಎಂದು ಕೇಳಿದರು. ಎಷ್ಟು ವರ್ಷ ಬೇಕೆಂದು ಕೇಳುವವರೇ ಹೆಚ್ಚು. ಇವರು ಕೇಳಿದ್ದು ದಿನದ ಲೆಕ್ಕ. ಒಂದು ಗಂಟೆಯಾದರೂ ಬೇಕು ಎಂದೆ. ‘ಒಂದು ಗಂಟೇನಾ!’ ಎಂದು ನಕ್ಕು, ಮುಂದಿನ ಮನೆಯ ಕೆಲಸಕ್ಕೆ ಹೊರಟುಹೋದರು. ತೆರೆಯ ಮೇಲಿನ ಮನೆಗಳಿಗೆ ನಾನು ಹಾಕುತ್ತಿದ್ದ ಪ್ರಶ್ನೆಗೆ ನನ್ನ ಮನೆಯ ಉತ್ತರ ಹೀಗಿದೆ. ಸಂಬಳ ಹೆಚ್ಚು ಮಾಡಿದೆ, ಭಾನುವಾರ ರಜೆ ಕೊಟ್ಟೆ. ಅದರಿಂದ ಲೆಕ್ಕ ಚುಕ್ತಾ ಆಯಿತೆಂದು ನಾನು ನಂಬಿಲ್ಲ.

ಹಾಸನ ಜಿಲ್ಲೆಗೆ ಸಂಗೀತದ ದೊಡ್ಡ ಹೆಸರಿದೆ. ವೀಣೆಯ ದೊರೆಸ್ವಾಮಿ ಅಯ್ಯಂಗಾರ್ಯರು 1920ರಲ್ಲಿ ಹುಟ್ಟಿದ್ದು ಈ ಜಿಲ್ಲೆಯ ಗದ್ದವಳ್ಳಿಯಲ್ಲಿ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವಂತೂ ಕಾವೇರಿ ದಡದ ಸಂಗೀತದ ಊರು, ಆರ್.ಕೆ. ಶ್ರೀಕಂಠನ್ ಅವರ ಮೂಲ ಅದು, ಆರ್.ಕೆ. ಪದ್ಮನಾಭ ಅವರು ತಂಬೂರಿಯ ಆಕಾರದ ಗುಡಿ ಕಟ್ಟಿಸಿದ್ದೂ ಅಲ್ಲಿಯೇ. ಈ ಹೆಸರುಗಳನ್ನು ನಾನು ಭಕ್ತಿಯಿಂದಲೇ ಹೇಳುತ್ತೇನೆ. ಹಾಗೆ ಹೇಳುವಾಗ ನಾಲಗೆಗೆ ಸಲೀಸಾಗಿ ಬರುವವೆಲ್ಲ ಗಂಡಸರ ಹೆಸರುಗಳೆಂಬುದೂ ಗಮನಕ್ಕೆ ಬರುತ್ತದೆ. ಹೆಣ್ಣು ಹಾಡಿ ಹೆಸರು ಮಾಡಿದ ಕಡೆ ಅವಳು ಗೃಹಸ್ಥರ ಮನೆಯ ಆಚೆಗಿನವಳಾಗಿದ್ದಳು: 1878ರಲ್ಲಿ ಹುಟ್ಟಿ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮ ದೇವದಾಸಿ ಕುಲದವರು. ಗೃಹಿಣಿಗೆ ಗೌರವವಿತ್ತು, ಹೊತ್ತು ಇರಲಿಲ್ಲ. ಅವರಿಗೆ ಹೊತ್ತು ಇತ್ತು, ಗೌರವಕ್ಕಾಗಿ ಜೀವಮಾನವಿಡೀ ಹೋರಾಡಬೇಕಾಯಿತು. ನಮ್ಮ ಕಿರುತೆರೆಗೆ ಹಳೆಯ ಮೈಸೂರಿನ ಕಥೆ ಬೇಕಿದ್ದರೆ ಇಲ್ಲಿಂದ ಆರಂಭಿಸಬಹುದು, ಅರಮನೆಯ ದೀಪಗಳನ್ನು ಸ್ವಲ್ಪ ಕಡಿಮೆ ಮಾಡಿ.

ಉಪನ್ಯಾಸದ ಬಳಿಕ ಒಬ್ಬ ಸಹೋದರಿ, ತಮ್ಮ ಮನೆಯ ಅಟ್ಟದಲ್ಲೂ ಒಂದು ವೀಣೆಯಿದೆ, ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಮೊದಲು ತಂತಿಗಳನ್ನು ಸಡಿಲಿಸಿ, ಕೊಡ ಮತ್ತು ದಂಡಿ ಸೇರುವ ಕಡೆ ಬಿರು‍ಕು ಇದೆಯೇ ನೋಡಿ. ಮರ ಗಟ್ಟಿಯಿದ್ದರೆ ಉಳಿದದ್ದೆಲ್ಲ ಸರಿಹೋಗುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಿ ಮರ ತೇವ ಹೀರಿರುತ್ತದೆ, ಹಾಗಾಗಿ ಮಳೆ ನಿಂತು ಬಿಸಿಲು ಬಂದ ಮೇಲೆ ಮೇಳ ಕಟ್ಟಿಸುವುದು ಒಳ್ಳೆಯದು. ಮಂಡಿ ನೋವಿದ್ದರೆ ತಗ್ಗಿನ ಮಣೆಯ ಮೇಲೆ ವೀಣೆಯಿಟ್ಟು ನುಡಿಸಿ, ನಾಚಿಕೆ ಬೇಡ. ಶ್ರುತಿಗೆ ತಂಬೂರಿ ಮೀಟುವವರನ್ನು ಹುಡುಕಬೇಕಾಗಿಲ್ಲ; ಬೆಂಗಳೂರಿನ ಜಿ. ರಾಜನಾರಾಯಣ್ ಅವರು 1979ರಲ್ಲೇ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು, ಈಗಂತೂ ಅದು ಮೊಬೈಲಿನಲ್ಲೇ ಸಿಗುತ್ತದೆ. ಮತ್ತು ಮೈಸೂರಿಗೆ ಹೊರಡುವ ಮೊದಲು, ನೀವು ನುಡಿಸುವ ಆ ಒಂದು ಗಂಟೆಯಲ್ಲಿ ರಾತ್ರಿಯ ಸಾರಿಗೆ ಒಗ್ಗರಣೆ ಹಾಕುವವರು ಯಾರೆಂಬುದನ್ನು ಮನೆಯವರೆಲ್ಲ ಕೂತು ಗೊತ್ತುಮಾಡಿಕೊಳ್ಳಿ.